ಪಾಸ್‌ಪೋರ್ಟಿಗೆ ಹಚ್ಚಿದ ಕುಂಕುಮ

"ಅಪ್ಪಾ, ವೈ ಈಸ್ ದೇರ್ ಬ್ಲಡ್ ಆನ್ ಯುವರ್ ಫೇಸ್?"

ಆಯುಧಪೂಜೆಗೆಂದು ಬೆಳಿಗ್ಗೆ ಕಾರು ತೊಳೆದು, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರೆ ನನ್ನ ಮಗಳ ಈ ಪ್ರಶ್ನೆ. ಗಾಬರಿಯಾಗಿ ಕನ್ನಡಿಗೆ ಓಡಿದೆ. ಕ್ಷೌರ ಮಾಡಿಕೊಳ್ಳುವಾಗ ಕೊಯ್ದುಕೊಳ್ಳುವುದರಲ್ಲಿ ನನ್ನ ಕೈ ಪಳಗಿದೆ. ಕನ್ನಡಿಯಲ್ಲಿ ಗಾಯ ಕಾಣಲಿಲ್ಲ. ಎಂದಿನ ಮುಖವೇ ಇತ್ತು. ಗಾಬರಿಗೆ ಅದೇ ಸಾಕು. "ನಾಟ್ ದಟ್ ಫೇಸ್. ದಿಸ್ ಒನ್," ಎಂದು ಅವಳು ಎತ್ತಿ ಹಿಡಿದದ್ದು ಮೂಲೆ ಕತ್ತರಿಸಿ ರದ್ದು ಮಾಡಿದ ನನ್ನ ಹಳೆಯ ಪಾಸ್‌ಪೋರ್ಟನ್ನು. ಪೂಜೆಗೆ ಇಡಲು ಒಂದು ಪುಸ್ತಕ ತಾ ಎಂದು ಅವಳಮ್ಮ ಹೇಳಿದ್ದಳಂತೆ. ಕಪಾಟಿನಲ್ಲಿದ್ದ ಅತಿ ತೆಳ್ಳಗಿನ ಪುಸ್ತಕವನ್ನು ಹುಡುಕಿ ತಂದಿದ್ದಾಳೆ. ಓದಿನ ವಿಷಯದಲ್ಲಿ ಪೂರ್ತಿ ಅಪ್ಪನ ಮಗಳು.

ಫೋಟೋದಲ್ಲಿ ನಾನು ಮೈಸೂರಿನ ಸ್ಟುಡಿಯೋ ಒಂದರಲ್ಲಿ ಉಸಿರು ಬಿಗಿ ಹಿಡಿದು ಕುಳಿತಿದ್ದೇನೆ. ಹಣೆಯಿಂದ ಹೊರಟು, ಎಡ ಹುಬ್ಬನ್ನು ದಾಟಿ, ಹೆಸರಿನ ಮೇಲೂ ಹರಡಿ ನಿಂತಿದೆ ಒಂದು ಕೆಂಪು ಕಲೆ. ಈಗ ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಮೂಗಿನ ಹತ್ತಿರ ಹಿಡಿದರೆ ಅರಿಸಿನದ ವಾಸನೆ ಇನ್ನೂ ಇದೆ. ಇಲ್ಲ, ಇರಲಾರದು, ಇಷ್ಟು ವರ್ಷದ ಮೇಲೆ. ಆದರೆ ನನಗೆ ಬಂತು.

"ರಕ್ತ ಅಲ್ಲ ಪುಟ್ಟೀ, ಕುಂಕುಮ," ಎಂದೆ. ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ. ಅದು ವೆಂಕಮ್ಮಜ್ಜಿಯ ದನಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಹುಟ್ಟಾ ಅಣಕಿಗ. ಯಾರ ಜೊತೆ ಹತ್ತು ನಿಮಿಷ ಕುಳಿತರೂ ಎದ್ದು ಬರುವಾಗ ಅವರ ಕೆಮ್ಮು, ಸೊಂಟದ ಮೇಲೆ ಕೈಯಿಡುವ ರೀತಿ, ಮಾತಿನ ಕೊನೆಯ ಎಳೆತ ಎಲ್ಲವನ್ನೂ ಹೊತ್ತು ತರುತ್ತೇನೆ. ನೀವು ಇದನ್ನು ಓದುತ್ತ ಕನ್ನಡಕ ಸರಿಮಾಡಿಕೊಂಡಿರಲ್ಲ, ನಾನು ಎದುರಿಗಿದ್ದಿದ್ದರೆ ಅದೂ ನನ್ನದಾಗುತ್ತಿತ್ತು. ಸ್ಯಾನ್ ಡಿಯೇಗೋದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಕನ್ನಡದವರು ನಾಲ್ಕು ಜನ ಸೇರಿದರೆ ಮೊದಲು ಕಾಫಿ, ಆಮೇಲೆ ನಾನು. ನಮ್ಮ ಪ್ರೊಫೆಸರನ್ನು ಮಾಡು ಎಂದರೆ ಪ್ರೊಫೆಸರ್. ರಘುರಾಮ ಅಂಕಲನ್ನು ಮಾಡು ಎಂದರೆ, ಅವರು ಎದುರಿಗೇ ಇದ್ದರೂ, ರಘುರಾಮ ಅಂಕಲ್.

ರಘುರಾಮ ಅಂಕಲ್ ನಮ್ಮ ಲ್ಯಾಬಿನ ಹಿರಿಯ ವಿಜ್ಞಾನಿ. ನನ್ನನ್ನು ಆ ಲ್ಯಾಬಿಗೆ ಸೇರಿಸಿದವರೂ ಅವರೇ, ಪಾಪ, ಸದುದ್ದೇಶದಿಂದಲೇ. ಜೀವಕೋಶದ ಸುತ್ತ ಒಂದು ಪೊರೆ ಇರುತ್ತದೆ. ಅದು ಯಾವುದನ್ನು ಒಳಗೆ ಬಿಡುತ್ತದೆ, ಯಾವುದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, ಹೇಗೆ, ಯಾಕೆ: ಇಷ್ಟೇ ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ಸಕ್ಕರೆ. ಕರುಳಿನ ಜೀವಕೋಶದೊಳಗೆ ಸಕ್ಕರೆ ಹೇಗೆ ಹೋಗುತ್ತದೆ ಎಂದು ಇಲಿಯ ಕರುಳಿನ ತುಂಡಿನಲ್ಲಿ ನೋಡಬೇಕು. "ಅಮ್ಮನ ಹತ್ರ ಇಲಿ ಸುದ್ದಿ ಎತ್ತಬೇಡಪ್ಪ. ಸಕ್ಕರೆ ಅಂತ ಮಾತ್ರ ಹೇಳು," ಎಂದು ಅಂಕಲ್ ಮೊದಲ ದಿನವೇ ಎಚ್ಚರಿಸಿದ್ದರು. ಹೀಗಾಗಿ ಅವರ ತಾಯಿ ವೆಂಕಮ್ಮಜ್ಜಿಯ ಲೆಕ್ಕದಲ್ಲಿ ನಾವಿಬ್ಬರೂ ಯಾವುದೋ ಮಿಠಾಯಿ ಕಾರ್ಖಾನೆಯವರು.

ಯೂನಿವರ್ಸಿಟಿ ಸಿಟಿ ಬಡಾವಣೆಯ ಅಂಕಲ್ ಮನೆಯಲ್ಲಿ ಅಜ್ಜಿಯ ಆಯುಧಪೂಜೆ ದೊಡ್ಡದು. ಅಜ್ಜಿಯ ಗಂಡ, ನಮ್ಮೆಲ್ಲರ ತಾತ, ಟೀವಿಯಲ್ಲಿ ಬೇಸ್‌ಬಾಲ್ ನೋಡುತ್ತ ಅಂಪೈರನ್ನು ಕನ್ನಡದಲ್ಲಿ ಬೈಯುತ್ತಿದ್ದರೆ, ಅಜ್ಜಿ ಮನೆಯ ಯಂತ್ರಗಳಿಗೆಲ್ಲ ಬೊಟ್ಟಿಡುತ್ತ ಬರುತ್ತಿದ್ದರು. ಹುಲ್ಲು ಕತ್ತರಿಸುವ ಮೆಷೀನು, ಮಿಕ್ಸಿ, ಕಾರು, ಟೀವಿಗೂ ಒಂದು. ಅದು ಸರಿಯಾಗಿ ಚೆಂಡೆಸೆಯುವವನ ಮೂಗಿನ ಮೇಲೆ ಬಿದ್ದು ತಾತ ಕೂಗಾಡಿದ್ದೂ ಉಂಟು. ವಿದ್ಯಾರ್ಥಿಗಳಾದ ನಾವು ನಮ್ಮ ನಮ್ಮ ಆಯುಧಗಳನ್ನು ತಂದು ಮಣೆಯ ಮೇಲಿಡಬೇಕು. ಕ್ಯಾಲ್ಕುಲೇಟರ್ ಇಟ್ಟವರಿದ್ದರು, ಪುಸ್ತಕ ಇಟ್ಟವರಿದ್ದರು. ನಾನು ಬುದ್ಧಿವಂತ. ಈ ದೇಶದಲ್ಲಿ ನನ್ನ ನಿಜವಾದ ಆಯುಧ ಯಾವುದು? ಪಾಸ್‌ಪೋರ್ಟ್. ಅದನ್ನು ಇಟ್ಟೆ. ಮುಚ್ಚಿಟ್ಟರೆ ದೇವಿಗೆ ಯಾರದೆಂದು ಹೇಗೆ ತಿಳಿಯಬೇಕು? ಫೋಟೋದ ಪುಟ ತೆರೆದು ಇಟ್ಟೆ. ಅಜ್ಜಿ ಆಗತಾನೇ ಹೂವಿಗೆ ನೀರು ಚಿಮುಕಿಸಿದ್ದ ಬೆರಳನ್ನು ಅರಿಸಿನ ಕುಂಕುಮಕ್ಕೆ ಅದ್ದಿ, ಭಕ್ತಿಯಿಂದ, ಉದಾರವಾಗಿ, ನನ್ನ ಹಣೆಗೆ ಇಟ್ಟರು. ಕಾಗದದ ಹಣೆಗೆ. ಒರೆಸಲು ಹೋದೆ. ಕುಂಕುಮ ಒರೆಸಿ ಗೊತ್ತಿದ್ದವರಿಗೆ ಆಮೇಲೆ ಏನಾಯಿತೆಂದು ವಿವರಿಸಬೇಕಿಲ್ಲ.

ಇದರ ಫಲ ಕಂಡದ್ದು ಒಂದು ಶನಿವಾರ, ಮನೆಯೂಟದ ಆಸೆಗೆ ಲಾಸ್ ಏಂಜಲಿಸ್‌ಗೆ ಹೊರಟ ದಾರಿಯಲ್ಲಿ. ಆ ಫ್ರೀವೇ ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ ಇಟ್ಟುಕೊಂಡು ಉತ್ತರಕ್ಕೆ ಓಡುತ್ತದೆ. ನಡುದಾರಿಯಲ್ಲಿ ಒಂದು ತಪಾಸಣೆಯ ಗೇಟು. ಮೆಕ್ಸಿಕೋದ ಗಡಿಯಿಂದ ಕಾಗದವಿಲ್ಲದೆ ಬಂದವರನ್ನು ಹಿಡಿಯಲು ಇಟ್ಟದ್ದು. ಕಾರುಗಳು ನಿಧಾನವಾಗುತ್ತವೆ, ಟೋಪಿಯ ಅಧಿಕಾರಿ ಬಗ್ಗಿ ಮುಖ ನೋಡುತ್ತಾನೆ, ಕೈ ಬೀಸುತ್ತಾನೆ, ನೀವು ಹೋಗುತ್ತೀರಿ. ನನ್ನ ಮುಖ ನೋಡಿ ಕೈ ಬೀಸಿದವರು ಕಡಿಮೆ. ಪಾಸ್‌ಪೋರ್ಟ್ ಕೇಳಿದರು, ಕೊಟ್ಟೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಹೆಬ್ಬೆರಳಿನಿಂದ ಕಲೆಯನ್ನು ಉಜ್ಜಿದರು. ಹೆಸರು ಅರ್ಧ ಮುಚ್ಚಿಹೋಗಿದೆ, ಮುಖ ಅರ್ಧ ಮುಚ್ಚಿಹೋಗಿದೆ. "ಪುಲ್ ಓವರ್ ದೇರ್, ಸರ್." ನಾನು ಪಕ್ಕದ ಬೆಂಚಿನಲ್ಲಿ ಕೂತೆ. ಅವರು ಯೂನಿವರ್ಸಿಟಿಗೆ ಫೋನ್ ಮಾಡಿ, ಶನಿವಾರವಾದ್ದರಿಂದ ಅಲ್ಲಿ ಯಾರೂ ಎತ್ತದೆ, ಕಡೆಗೆ ಅಂಕಲ್ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ಇವನು ನಮ್ಮವನೇ ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವ ಮುಂಚೆ ಒಂದು ಕ್ಷಣ ಯೋಚಿಸಿದರು. ಅದನ್ನು ನಾನು ಗಮನಿಸಿದ್ದೇನೆ. ಹೊಸ ಪಾಸ್‌ಪೋರ್ಟಿಗೆ ಅಪ್ಲೈ ಮಾಡಿದೆ. ಅದು ಬರುವ ಸೂಚನೆಯೇ ಇರಲಿಲ್ಲ.

ಸುದ್ದಿ ಕೇಳಿ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಕುಂಕುಮ ಹಚ್ಚಿದ್ದು ನಾನು. ನಾನೇ ಬಂದು ಹೇಳ್ತೀನಿ ನಡಿ."

ಅವರಿಗೂ ಆ ಕಡೆ ಕೆಲಸವಿತ್ತು. ಮಗಳು ಸರೋಜಕ್ಕ ಲಾಸ್ ಏಂಜಲಿಸಿನ ಚಾಟ್ಸ್‌ವರ್ತಿನಲ್ಲಿದ್ದಳು. ಅವಳಿಗೆ ಹೊಸ ಮಗು. ವಾರವೆಲ್ಲ ಮಗನ ಮನೆಯಲ್ಲಿದ್ದರೂ ಅಜ್ಜಿಯ ಮನಸ್ಸು ಉತ್ತರದ ತೊಟ್ಟಿಲಲ್ಲಿ. ಹಾಗೆ ಶನಿವಾರ ಶನಿವಾರ ನನ್ನ ಹಳೆಯ ಕಾರಿನಲ್ಲಿ, ಮಡಿಲಲ್ಲಿ ಕೋಡುಬಳೆಯ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಅಜ್ಜಿ ಹೊರಡತೊಡಗಿದರು.

ಮೊದಲ ಸಲದ ದೃಶ್ಯ ಹೇಳುತ್ತೇನೆ. ಗೇಟಿನವನು ಪಾಸ್‌ಪೋರ್ಟ್ ತೆರೆದು ಹುಬ್ಬು ಗಂಟಿಕ್ಕಿದ. ಅಜ್ಜಿ ನನ್ನ ಮೇಲೆ ಬಾಗಿ, ಶುದ್ಧ ಮೈಸೂರು ಕನ್ನಡದಲ್ಲಿ ಶುರು ಮಾಡಿದರು: "ರಕ್ತ ಅಲ್ಲಪ್ಪಾ ಅದು, ಕುಂಕುಮ. ನಾನೇ ಇಟ್ಟಿದ್ದು. ಬೆರಳು ಒದ್ದೆ ಇತ್ತು ನೋಡು. ಇವನು ಒರೆಸಕ್ಕೆ ಹೋಗಿ ರಾಡಿ ಮಾಡ್ಕೊಂಡ, ಪೆದ್ದು." ಹೇಳುತ್ತ ತಮ್ಮ ಹಣೆಯ ದೊಡ್ಡ ಕುಂಕುಮವನ್ನು ತೋರಿಸಿದರು. ಅವನು ಅಜ್ಜಿಯ ಹಣೆ ನೋಡಿದ, ಫೋಟೋದ ಹಣೆ ನೋಡಿದ. ಅದೇ ಕೆಂಪು. ಮುಖ ಸಡಿಲಾಯಿತು. "ಯೂ ಟೂ ಟುಗೆದರ್?"

"ಎಸ್, ಸರ್."

"ಗೋ ಅಹೆಡ್. ಹ್ಯಾವ್ ಎ ಗುಡ್ ಡೇ, ಗ್ರ್ಯಾಂಡ್‌ಮಾ."

"ಕೋಡುಬಳೆ ತಗೋತಾನೇನೋ ಕೇಳು," ಎಂದರು ಅಜ್ಜಿ. ಅವನು ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಎಂದ. "ಪಾಪ, ಬಿಸಿಲಲ್ಲಿ ನಿಲ್ಲಿಸ್ತಾರೆ, ತಿನ್ನಕ್ಕೂ ಬಿಡಲ್ಲ," ಎಂದು ಅಜ್ಜಿ ಮುಂದಿನ ಊರಿನವರೆಗೂ ಮರುಗಿದರು. ಆಮೇಲಿಂದ ಅವರ ಬಾಯಲ್ಲಿ ಅಲ್ಲಿನವರೆಲ್ಲರಿಗೂ ಒಂದೇ ಹೆಸರು: ಗೇಟಪ್ಪ. "ಇವತ್ತು ಯಾವ ಗೇಟಪ್ಪನೋ?"

ಚಾಟ್ಸ್‌ವರ್ತಿನಲ್ಲಿ ಸರೋಜಕ್ಕನ ಗಂಡ ಬಸವರಾಜಣ್ಣ ಬಾಗಿಲಲ್ಲೇ ಎದುರಾಗುತ್ತಿದ್ದರು. ಧಾರವಾಡದವರು, ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. "ಬಂದೇನಲೇ ತಮ್ಮಾ! ಒಳಗ ಆಗಲೇ ನಾಕ್ ಮಂದಿ ಹಸದ ಹುಡುಗೂರು ಕುಂತಾರ. ನೀ ಐದನೇದಾಂವ. ಬಾ ಬಾ." ಸರೋಜಕ್ಕನ ಹುಳಿಯನ್ನದ ಖ್ಯಾತಿ ಅಂಥದು. ನಾನು ಭಾನುವಾರ ಸಂಜೆ ಒಬ್ಬನೇ ಹಿಂತಿರುಗುತ್ತಿದ್ದೆ. ದಕ್ಷಿಣಕ್ಕೆ ಬರುವವರನ್ನು ಯಾರೂ ಕೇಳುವುದಿಲ್ಲ. ಮಗು ಬಿಟ್ಟು ಬರಲು ಮನಸ್ಸಿಲ್ಲದ ಅಜ್ಜಿಯನ್ನು ಬುಧವಾರ ಬಸವರಾಜಣ್ಣ ವಾಪಸು ತಂದು ಬಿಡುತ್ತಿದ್ದರು. ಕಾರ್ಖಾನೆಯ ಸಾಮಾನು ಕೊಡಲು ಅವರು ಆ ದಿನ ತಪ್ಪದೆ ಸ್ಯಾನ್ ಡಿಯೇಗೋಕ್ಕೆ ಬರುತ್ತಿದ್ದರು. ಆ ಹೊತ್ತು ನಾನು ಲ್ಯಾಬಿನಲ್ಲಿ. ಶನಿವಾರ ನೋಡಿದರೆ ಅಜ್ಜಿ ಮತ್ತೆ ಬಾಗಿಲಲ್ಲಿ ಡಬ್ಬಿ ಹಿಡಿದು ಸಿದ್ಧ. ಅವರು ಹೇಗೆ ಬಂದರು ಎಂದು ನಾನು ಯೋಚಿಸಿದವನೇ ಅಲ್ಲ. ಹಾಲಿನ ಕ್ಯಾನು ಬಾಗಿಲಿಗೆ ಹೇಗೆ ಬಂತೆಂದು ನೀವಾದರೂ ಯೋಚಿಸುತ್ತೀರಾ?

ಇಷ್ಟರಲ್ಲಿ ನನ್ನ ಮೌಖಿಕ ಪರೀಕ್ಷೆ ಬಂತು. ಪಿಎಚ್.ಡಿ. ಮುಂದುವರಿಸಲು ಅದನ್ನು ದಾಟಲೇಬೇಕು. ನಾನು ಚೆನ್ನಾಗಿಯೇ ಶುರು ಮಾಡಿದೆ. ಪುಸ್ತಕದ ವಾಕ್ಯಗಳು, ಪ್ರೊಫೆಸರರ ಉಪನ್ಯಾಸದ ವಾಕ್ಯಗಳು, ಅವರ ಏರಿಳಿತದ ಸಮೇತ ಹರಿದು ಬಂದವು. ಪ್ರೊಫೆಸರ್ ತಮ್ಮದೇ ದನಿಯನ್ನು ಸ್ವಲ್ಪ ಹೊತ್ತು ಸಂತೋಷದಿಂದ ಕೇಳಿ, ಆಮೇಲೆ ಒಂದು ಪ್ರಶ್ನೆ ಕೇಳಿದರು. ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರಗೆ ತಳ್ಳುವ ಒಂದು ಪಂಪ್ ಇದೆ. ಒಂದು ವಿಷ ಹಾಕಿ ಆ ಪಂಪನ್ನು ನಿಲ್ಲಿಸಿದರೆ ಸಕ್ಕರೆ ಒಳಗೆ ಸೇರುವುದೂ ನಿಂತುಹೋಗುತ್ತದೆ. ಆದರೆ ಆ ಪಂಪ್ ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಸಕ್ಕರೆಯ ಬಾಗಿಲೇ ಬೇರೆ. "ಹಾಗಾದರೆ ಯಾಕೆ ನಿಲ್ಲುತ್ತದೆ? ಪುಸ್ತಕ ಬೇಡ. ನಿನ್ನ ಮಾತಿನಲ್ಲಿ ಹೇಳು."

ನನ್ನ ಮಾತು! ಹುಡುಕಿದೆ. ಎಲ್ಲರ ಮಾತೂ ಸಿಕ್ಕಿತು, ಅದೊಂದು ಬಿಟ್ಟು. ಬೇಸಿಗೆಗೆ ಮುಂಚೆ ಇನ್ನೊಂದು ಅವಕಾಶ ಕೊಡುತ್ತೇವೆ, ಅದೇ ಕೊನೆಯದು, ಎಂದರು. ಅದರಲ್ಲೂ ಸೋತರೆ ವೀಸಾ ಮುಗಿಯುತ್ತದೆ, ಮೈಸೂರಿನ ವಿಮಾನ ಹತ್ತಬೇಕು. ಅಲ್ಲಿ ನಮ್ಮಪ್ಪ ಆಗಲೇ ಬೀದಿಯವರಿಗೆಲ್ಲ ನನ್ನನ್ನು ಡಾಕ್ಟರ್ ಎಂದು ಹೇಳಿಯಾಗಿತ್ತು. ಒಬ್ಬರು ಮಂಡಿನೋವಿಗೆ ಔಷಧಿ ಕೇಳಿ ಬರೆದೂ ಇದ್ದರು.

ಆ ಶನಿವಾರ ಕಾರಿನಲ್ಲಿ ನಾನು ರಸ್ತೆಯನ್ನಷ್ಟೇ ನೋಡುತ್ತಿದ್ದೆ. ಅಜ್ಜಿ ಸಮುದ್ರ ನೋಡುತ್ತ, "ಯಾಕೋ, ಇವತ್ತು ಯಾರೂ ಬಂದಿಲ್ವಾ ಬಾಯಿಗೆ?" ಎಂದರು. ಪ್ರೊಫೆಸರನ್ನು ಮಾಡಿ ತೋರಿಸಿದೆ. ಅಂಕಲನ್ನು ಮಾಡಿದೆ. ಗೇಟಪ್ಪನನ್ನೂ ಮಾಡಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡು, "ಸರಿ, ಈಗ ನಿಂದು ಮಾಡು," ಎಂದರು.

"ನಂದು ಅಂದ್ರೆ?"

"ನಿನ್ನ ದನಿ ಕಣೋ. ಎಲ್ರುದೂ ಬರತ್ತೆ. ನಿಂದು ಯಾವ್ದು?"

ಬಾಯಿ ತೆರೆದೆ. ಅಂಕಲ್ ಕೆಮ್ಮು ಬಂತು. ಒಂದು ವಾರದಲ್ಲಿ ಎರಡನೆಯ ಬಾರಿ ನಾನು ಅದೇ ಪ್ರಶ್ನೆಯಲ್ಲಿ ಫೇಲಾಗಿದ್ದೆ. ಅಜ್ಜಿ ಡಬ್ಬಿ ತೆಗೆದು ಒಂದು ಕೋಡುಬಳೆಯನ್ನು ನನ್ನ ಬಾಯಿಗೇ ಇಟ್ಟರು. ಸ್ಟಿಯರಿಂಗ್ ಹಿಡಿದವನಿಗೆ ಹಾಗೆಯೇ ಕೊಡಬೇಕು.

ನಾನು ಭಾನುವಾರ ಎಂದಿನಂತೆ ಒಬ್ಬನೇ ಹಿಂತಿರುಗಿದೆ. ಅದೇ ವಾರ ಪೆಟ್ರೋಲ್ ಅಭಾವ ಶುರುವಾಯಿತು. ಇಲ್ಲಿದ್ದವರಿಗೆ ನೆನಪಿರಬಹುದು: ಬಂಕಿನ ಮುಂದೆ ಬೀದಿ ಸುತ್ತಿ ನಿಂತ ಕಾರುಗಳು, ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಸರದಿ, ಯಾರು ನುಗ್ಗಿದರೆಂದು ಜಗಳ. ಬುಧವಾರ ಅಜ್ಜಿ ಬರಲಿಲ್ಲ. ಚಾಟ್ಸ್‌ವರ್ತಿಗೆ ಫೋನ್ ಮಾಡಿದೆ.

"ಗಾಡ್ಯಾಗ ಎಣ್ಣಿ ಇಲ್ಲೋ ತಮ್ಮಾ," ಎಂದರು ಬಸವರಾಜಣ್ಣ. "ಮುಂಜಾನಿಂದ ಪಾಳೇದಾಗ ನಿಂತಿದ್ದೆ. ನನ್ನ ಮುಂದಿನ ಗಾಡಿಗೆ ಹಾಕಿ, ಮುಗೀತು ಅಂತ ಬೋರ್ಡ್ ತೂಗಹಾಕಿಬಿಟ್ರು. ಕಾರ್ಖಾನ್ಯಾಗೂ ಸ್ಯಾನ್ ಡಿಯೇಗೋ ಟ್ರಿಪ್ ಸದ್ಯಕ್ಕ ಬ್ಯಾಡ ಅಂದಾರ. ಅತ್ತಿ ಇಲ್ಲೇ ಇರ್ಲಿ ಬಿಡು."

ಅಜ್ಜಿಗೇನು, ಮೊಮ್ಮಗುವಿನ ಜೊತೆ ಆನಂದವಾಗಿದ್ದರು. ನನ್ನ ಗತಿ ಕೇಳಿ. ಪರೀಕ್ಷೆಗೆ ಓದುತ್ತ, ಬ್ರೆಡ್ಡು ತಿನ್ನುತ್ತ, ಸುಮಾರು ದಿನ ತಡೆದೆ. ಕಡೆಗೊಂದು ಶನಿವಾರ, ಟ್ಯಾಂಕಿನಲ್ಲಿ ಹೇಗೋ ಉಳಿದಿದ್ದ ಪೆಟ್ರೋಲನ್ನು ನಂಬಿ ಒಬ್ಬನೇ ಹೊರಟೆ. ಗೇಟಿನಲ್ಲಿ ಹೊಸಬ. ಪಾಸ್‌ಪೋರ್ಟ್ ತೆರೆದ. ಕಲೆ ಉಜ್ಜಿದ. "ಇಟ್ಸ್ ಕುಂಕುಮ, ಸರ್," ಎಂದು ನನ್ನ ಹಣೆ ತೋರಿಸಿದೆ. ನನ್ನ ಹಣೆಯಲ್ಲಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ. "ಓವರ್ ದೇರ್, ಪ್ಲೀಸ್."

ಮತ್ತೆ ಅದೇ ಬೆಂಚು. ಅವರು ಫೋನ್ ಮಾಡುತ್ತಿದ್ದರು, ನಾನು ಕಾರುಗಳನ್ನು ನೋಡುತ್ತಿದ್ದೆ. ಗೇಟು ತೆರೆದೇ ಇದೆ. ಗೇಟಪ್ಪ ಇದ್ದಾನೆ. ನಾನಿದ್ದೇನೆ, ಹಸಿವೂ ಇದೆ. ಹೋದ ತಿಂಗಳು ಇದೇ ಜಾಗದಲ್ಲಿ ಸಲೀಸಾಗಿ ದಾಟಿದ್ದೆ. ಏನು ಬದಲಾಗಿದೆ? ಅಜ್ಜಿ ಪಕ್ಕದಲ್ಲಿಲ್ಲ. ಯಾಕಿಲ್ಲ? ಗೇಟಿನ ಒಳಗಡೆ, ಚಾಟ್ಸ್‌ವರ್ತಿನಲ್ಲೇ ಉಳಿದಿದ್ದಾರೆ. ಯಾಕೆ ಉಳಿದಿದ್ದಾರೆ? ಬುಧವಾರ ಅವರನ್ನು ಹೊರಗೆ ತಂದುಬಿಡುವ ಬಸವರಾಜಣ್ಣನ ಗಾಡಿಯಲ್ಲಿ ಪೆಟ್ರೋಲಿಲ್ಲ.

ನಾನು ಬೆಂಚಿನಿಂದ ಎದ್ದು ನಿಂತೆ. "ಸಿಟ್ ಡೌನ್, ಸರ್," ಎಂದರು. ಕುಳಿತೆ. ಆದರೆ ಒಳಗೆ ಕುಣಿಯುತ್ತಿದ್ದೆ.

ಬಸವರಾಜಣ್ಣ ನನ್ನನ್ನು ಎಂದೂ ಗೇಟು ದಾಟಿಸಿದವರಲ್ಲ. ಅವರು ಓಡಿಸುತ್ತಿದ್ದುದು ಎದುರು ದಿಕ್ಕಿನಲ್ಲಿ, ನಾನಿಲ್ಲದ ದಿನ. ನನ್ನನ್ನು ಮುಟ್ಟದ ಆ ಗಾಡಿಯ ಪೆಟ್ರೋಲೇ ಇಷ್ಟು ದಿನ ನನ್ನನ್ನು ದಾಟಿಸುತ್ತಿತ್ತು! ಅವರು ದುಡ್ಡು ಸುಟ್ಟು ಅಜ್ಜಿಯನ್ನು ಹೊರಗೆ ತಂದುಬಿಟ್ಟಿದ್ದರಿಂದ ಅಜ್ಜಿಗೆ ಮತ್ತೆ ಒಳಗೆ ಹೋಗುವ ಸೆಳೆತ. ಆ ಸೆಳೆತದ ಸೆರಗು ಹಿಡಿದು, ಆಗಲೇ ನಾಲ್ಕು ಜನ ಹಸಿದವರು ತುಂಬಿದ್ದ ಮನೆಗೆ ಐದನೆಯವನಾಗಿ ನಾನು. ಜೀವಕೋಶದಲ್ಲೂ ಇಷ್ಟೇ. ಪಂಪ್ ಶಕ್ತಿ ಸುಟ್ಟು ಸೋಡಿಯಂ ಅನ್ನು ಹೊರಗೆ ಹಾಕುತ್ತದೆ. ಸೋಡಿಯಂ ತಾನಾಗಿ ಒಳಗೆ ಬರಲು ಹಾತೊರೆಯುತ್ತದೆ. ಜೊತೆಯಿದ್ದರೆ ಮಾತ್ರ ಬಿಡುವ ಬಾಗಿಲಿನಲ್ಲಿ, ಒಳಗೆ ಸಕ್ಕರೆ ತುಂಬಿದ್ದರೂ ಇನ್ನಷ್ಟು ಸಕ್ಕರೆಯನ್ನು ಕರೆದುಕೊಂಡು ಬರುತ್ತದೆ. ಪಂಪ್ ನಿಂತರೆ ಸೋಡಿಯಂ ಒಳಗೇ ತುಂಬಿಕೊಳ್ಳುತ್ತದೆ, ಸಕ್ಕರೆ ಬೆಂಚಿನ ಮೇಲೆ ಕೂತಿರುತ್ತದೆ.

ಅವತ್ತು ಮುಂದೆ ಹೋಗಲು ಬಿಟ್ಟರು. ಆದರೆ ಅಷ್ಟರಲ್ಲಿ ಸಂಜೆಯಾಗಿತ್ತು, ಪೆಟ್ರೋಲೂ ಸಾಲದು. ಊಟ ಬಿಟ್ಟು ವಾಪಸು ಹೊರಟೆ. ಸರೋಜಕ್ಕನ ಹುಳಿಯನ್ನ ತಪ್ಪಿದ ಶನಿವಾರವನ್ನು ಇಷ್ಟು ಸಂತೋಷದಿಂದ ನೆನೆಯುವವನು ನಾನೊಬ್ಬನೇ ಇರಬೇಕು.

ಎರಡನೆಯ ಪರೀಕ್ಷೆಯಲ್ಲಿ ಅದೇ ಕೋಣೆ, ಅದೇ ಪ್ರಶ್ನೆ. ಅಭ್ಯಾಸಬಲದಿಂದ ಪ್ರೊಫೆಸರರ ದನಿಯಲ್ಲಿ "ಯೂ ಸೀ" ಎಂದು ಶುರು ಮಾಡಿ, ನಿಲ್ಲಿಸಿದೆ. ನೀರು ಕುಡಿದೆ. "ನನಗೆ ಗೊತ್ತಿರುವ ಒಬ್ಬ ಅಜ್ಜಿ ಇದ್ದಾರೆ," ಎಂದೆ. ಗೇಟು, ಕುಂಕುಮ, ಬುಧವಾರದ ಗಾಡಿ, ಪೆಟ್ರೋಲು, ಎಲ್ಲ ಹೇಳಿದೆ, ಬೋರ್ಡಿನ ಮೇಲೆ ಬಾಣಗಳನ್ನೂ ಬರೆದೆ. ಪ್ರೊಫೆಸರ್ ನಗಲಿಲ್ಲ. ಅವರ ಪಕ್ಕದಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು, ಕಡಿಮೆ ಮಾತಿನ ಹೆಂಗಸು, ಪೆನ್ಸಿಲ್ ಕೆಳಗಿಟ್ಟು ಕೇಳಿದರು: "ಮೊಮ್ಮಗುವೂ ಸ್ಯಾನ್ ಡಿಯೇಗೋಕ್ಕೇ ಬಂದುಬಿಟ್ಟರೆ?"

"ಆಗ ಅಜ್ಜಿಗೆ ಹೋಗುವ ಸೆಳೆತವಿಲ್ಲ, ಮೇಡಂ. ಗೇಟು, ಪೆಟ್ರೋಲು ಎಲ್ಲ ಇದ್ದರೂ ನಾನು ಹಸಿದೇ ಇರುತ್ತೇನೆ."

ಅವರು ಪ್ರೊಫೆಸರ್ ಕಡೆ ತಿರುಗಿ ತಲೆಯಾಡಿಸಿದರು. ಪ್ರೊಫೆಸರ್ ನನ್ನನ್ನು ನೋಡಿ, "ಇಷ್ಟು ದಿನ ಈ ಹುಡುಗನನ್ನು ಎಲ್ಲಿ ಇಟ್ಟಿದ್ದೆ?" ಎಂದರು. ಪಾಸಾದೆ.

ಕೂಡಲೇ ಚಾಟ್ಸ್‌ವರ್ತಿಗೆ ಫೋನ್ ಮಾಡಿ ಅಜ್ಜಿಗೆ ಎಲ್ಲ ವಿವರಿಸಿದೆ. ನೀವೇ ಸೋಡಿಯಂ, ಅಂದರೆ ಉಪ್ಪಿನೊಳಗಿನ ಸತ್ವ ಅಜ್ಜೀ, ಎಂದೆ.

"ನನ್ನ ಉಪ್ಪು ಮಾಡಿದ್ಯಾ?" ಎಂದರು ಅಜ್ಜಿ. "ಬಿ.ಪಿ. ಇದೆ, ಉಪ್ಪು ಮುಟ್ಟಬೇಡ ಅಂತ ನನ್ನ ಮಗ ಪ್ರಾಣ ತಿಂತಾನೆ. ನೀನು ಹೋಗಿ ದೊಡ್ಡೋರ ಮುಂದೆ ನನ್ನೇ ಉಪ್ಪು ಅಂತ ಹೇಳಿ ಬಂದ್ಯಾ!" ಆಮೇಲೆ, "ಯಾರ ದನೀಲಿ ಹೇಳ್ದೆ?" ಎಂದರು.

"ಯಾರದೂ ಅಲ್ಲ ಅಜ್ಜೀ."

"ಹಾಗಾದ್ರೆ ಸರಿ."

ಪೆಟ್ರೋಲ್ ಬಂತು, ಬಸವರಾಜಣ್ಣನ ಬುಧವಾರಗಳು ಮತ್ತೆ ಶುರುವಾದವು, ಹೊಸ ಪಾಸ್‌ಪೋರ್ಟೂ ಬಂತು. ಅದನ್ನು ಯಾವ ಪೂಜೆಗೂ ಇಡಲಿಲ್ಲ. ಆದರೂ ಅಜ್ಜಿಯಿಲ್ಲದೆ ಆ ಗೇಟು ದಾಟಲು ನನಗೆ ಮನಸ್ಸಾಗುತ್ತಿರಲಿಲ್ಲ. ಡಿಗ್ರಿ ಮುಗಿದು ಈ ಕಡೆಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬೇರೆ ಬೇರೆ ಊರು ನೋಡಿ ಕಡೆಗೆ ಮನೆ ಮಾಡಿದ್ದು ಚಾಟ್ಸ್‌ವರ್ತಿನಲ್ಲೇ, ಸರೋಜಕ್ಕನ ಹುಳಿಯ ವಾಸನೆ ತಲುಪುವಷ್ಟು ದೂರದಲ್ಲಿ. ಅಜ್ಜಿ ಇನ್ನೂ ಕೆಲವು ವರ್ಷ ಆ ದಾರಿಯಲ್ಲಿ ಓಡಾಡಿದರು, ಒಬ್ಬೊಬ್ಬ ಹೊಸ ವಿದ್ಯಾರ್ಥಿಯ ಪಕ್ಕದ ಸೀಟಿನಲ್ಲಿ ಡಬ್ಬಿ ಹಿಡಿದು. ಆಮೇಲೆ ಒಂದು ದಿನ ಯೂನಿವರ್ಸಿಟಿ ಸಿಟಿಯ ಮನೆಯಲ್ಲಿ, ಮಧ್ಯಾಹ್ನ ಕಾಫಿಯಾದ ಮೇಲೆ ಮಲಗಿದವರು ಏಳಲಿಲ್ಲ. ಈಗ ಪಾಠದಲ್ಲಿ ಈ ಅಧ್ಯಾಯ ಬಂದಾಗಲೆಲ್ಲ ನಾನು ಬೋರ್ಡಿನ ಮೇಲೆ ಸೋಡಿಯಂ ಎಂದು ಬರೆದು, ಒಂದು ಕ್ಷಣ ಸುಮ್ಮನಾಗುತ್ತೇನೆ. ವಿದ್ಯಾರ್ಥಿಗಳು ನಾನು ಮರೆತೆನೆಂದು ತಿಳಿಯುತ್ತಾರೆ. ಸೋಡಿಯಂ ಮತ್ತೆ ಹೊರಗೆ ಹೋಗುತ್ತದೆ. ಅದರ ಕೈ ಹಿಡಿದು ಬಂದದ್ದು ಒಳಗೇ ಉಳಿಯುತ್ತದೆ. ಇದು ಅವರ ಪರೀಕ್ಷೆಗೆ ಬೇಕಾದ ವಾಕ್ಯ. ನನಗೆ ಬೇರೆ ಕಾರಣಕ್ಕೆ ಬೇಕು.

ಇಷ್ಟನ್ನೂ ಮಗಳಿಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಗೇಟಪ್ಪನನ್ನು ಮಾಡಿ ತೋರಿಸಿದೆ, ಬಸವರಾಜ ಮಾಮನನ್ನು ಮಾಡಿದೆ, ಅಜ್ಜಿಯನ್ನಂತೂ ಮೂರು ಸಲ ಮಾಡಿಸಿದಳು. ನಕ್ಕು ನಕ್ಕು ಸುಸ್ತಾದ ಮೇಲೆ ನನ್ನ ಮುಖವನ್ನೇ ನೋಡುತ್ತ, "ನೌ ಡೂ ಯೂ," ಎಂದಳು.

ಈ ಪ್ರಶ್ನೆ ನನ್ನ ಬೆನ್ನು ಬಿಡುವುದಿಲ್ಲ. ಆದರೆ ಈ ಸಲ ನಾನು ಬೆವರಲಿಲ್ಲ. ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದೆ. ಕೈ ಒರೆಸಿಕೊಂಡಿದ್ದೆನೆಂದು ನನ್ನ ನಂಬಿಕೆ, ಆದರೆ ಕಾರು ತೊಳೆದ ನೀರು ಇನ್ನೂ ಆರಿರಲಿಲ್ಲ. "ಬಾ ಇಲ್ಲಿ, ಮುಖ ಎತ್ತು. ಅಲ್ಲಾಡಬೇಡ, ರಾಡಿ ಆಗತ್ತೆ," ಎಂದು ಅವಳ ಹಣೆಗೆ ಇಟ್ಟೆ.

"ನೋ ಅಪ್ಪಾ," ಎಂದಳು ಅವಳು, ಹುಬ್ಬಿನ ಮೇಲೆ ಇಳಿಯುತ್ತಿದ್ದ ಕೆಂಪನ್ನು ಮುಟ್ಟಿ ನೋಡುತ್ತ. "ದಟ್ಸ್ ಅಜ್ಜಿ ಅಗೇನ್."